ಗುದನಾಳದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಮುನ್ನ ಕರುಳಿನ ಸಿದ್ಧತೆ: ಭೇದಿ ಔಷಧವೊಂದೇ ಸಾಲದು

ಗುದನಾಳದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ನಿಗದಿಯಾದ ರೋಗಿಯ ಕರುಳನ್ನು ಹಿಂದಿನ ದಿನ ಹೇಗೆ ಸಿದ್ಧಗೊಳಿಸಬೇಕು ಎಂಬ ಪ್ರಶ್ನೆಗೆ ವೈದ್ಯಲೋಕ ಕಳೆದ ಐವತ್ತು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಉತ್ತರ ಬದಲಿಸಿದೆ. ಭೇದಿ ಮಾಡಿಸುವ ಔಷಧ ಕುಡಿಸಿ ಕರುಳನ್ನು ಪೂರ್ತಿ ತೊಳೆಯದೆ ಚಾಕು ಹಿಡಿಯಬಾರದು ಎಂಬುದು ಹಳೆಯ ನಂಬಿಕೆ. ತೊಳೆದರೂ ತೊಳೆಯದಿದ್ದರೂ ಫಲಿತಾಂಶ ಒಂದೇ, ರೋಗಿಗೆ ಸುಮ್ಮನೆ ಯಾಕೆ ಹಿಂಸೆ ಎಂಬ ವಾದ ಈ ಶತಮಾನದ ಮೊದಲ ದಶಕದಲ್ಲಿ ಬಲ ಪಡೆಯಿತು. ತೊಳೆಯುವುದರ ಜೊತೆಗೆ ಬಾಯಿಯ ಮೂಲಕ ಆ್ಯಂಟಿಬಯಾಟಿಕ್ ಮಾತ್ರೆಗಳನ್ನೂ ಕೊಡಬೇಕು, ಎರಡೂ ಕೂಡಿದಾಗ ಪ್ರಯೋಜನ ಹೆಚ್ಚು ಎಂಬ ಮಾತಿಗೆ ಈಗ ಗಟ್ಟಿಯಾದ ಪುರಾವೆ ಸಿಕ್ಕಿದೆ. ಆದರೂ ಜಗತ್ತಿನ ಅನೇಕ ಆಸ್ಪತ್ರೆಗಳಲ್ಲಿ ಇಂದಿಗೂ ನಡೆಯುತ್ತಿರುವುದು ಅರ್ಧ ಸಿದ್ಧತೆ ಮಾತ್ರ: ಭೇದಿ ಔಷಧ ಕುಡಿಸುತ್ತಾರೆ, ಮಾತ್ರೆ ಕೊಡುವುದಿಲ್ಲ. ಈ ಅರ್ಧ ಸಿದ್ಧತೆಗೆ ಇರುವ ವೈಜ್ಞಾನಿಕ ಬೆಂಬಲ ಪೂರ್ಣ ಸಿದ್ಧತೆಗಿರುವುದಕ್ಕಿಂತ ಬಹಳ ಕಡಿಮೆ ಎಂಬುದನ್ನು ರೋಗಿಗಳೂ ಅವರ ಮನೆಯವರೂ ತಿಳಿದಿರುವುದು ಒಳ್ಳೆಯದು.

ಗುದನಾಳವೆಂದರೆ ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್ ಭಾಗ. ಸೊಂಟದ ಮೂಳೆಗಳ ನಡುವಿನ ಇಕ್ಕಟ್ಟಿನಲ್ಲಿ, ಗಂಡಸರಲ್ಲಿ ಮೂತ್ರಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಯ ಹಿಂದೆ, ಹೆಂಗಸರಲ್ಲಿ ಗರ್ಭಕೋಶ ಮತ್ತು ಯೋನಿಯ ಹಿಂದೆ ಅದು ಇಳಿಯುತ್ತದೆ. ಅದರ ಕೆಳಭಾಗಕ್ಕೆ ಹೊಟ್ಟೆಯೊಳಗಿನ ಕರುಳಿಗಿರುವಂಥ ಹೊರಪೊರೆ ಇಲ್ಲ. ಹೊಲಿಗೆಗೆ ಹಿಡಿತ ಕೊಡುವ ಆ ಪದರ ಇಲ್ಲದಿರುವುದರಿಂದ, ಗಡ್ಡೆಯ ಭಾಗವನ್ನು ತೆಗೆದ ಮೇಲೆ ಉಳಿದ ಕರುಳಿನ ತುದಿಗಳನ್ನು ಸೇರಿಸಿ ಮಾಡುವ ಜೋಡಣೆ ದುರ್ಬಲವಾಗುವ ಸಂಭವ ಹೆಚ್ಚು. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಶಸ್ತ್ರವೈದ್ಯ ಬಿಲ್ ಹೀಲ್ಡ್ ಅವರು 1982ರಲ್ಲಿ ಪ್ರತಿಪಾದಿಸಿದ ವಿಧಾನದಲ್ಲಿ ಗುದನಾಳವನ್ನು ಸುತ್ತುವರಿದ ಕೊಬ್ಬಿನ ಪದರವನ್ನು ಹರಿಯದಂತೆ ಇಡಿಯಾಗಿ ಬಿಡಿಸಿ ತೆಗೆಯುತ್ತಾರೆ. ಅದರಿಂದ ಕ್ಯಾನ್ಸರ್ ಮರಳಿ ಬರುವ ಪ್ರಮಾಣ ಬಹಳ ಇಳಿಯಿತು. ಸ್ಟೇಪ್ಲರ್ ಉಪಕರಣಗಳೂ ಸೇರಿಕೊಂಡ ಮೇಲೆ ಮಲದ್ವಾರಕ್ಕೆ ತೀರ ಹತ್ತಿರದಲ್ಲೂ ಕರುಳನ್ನು ಜೋಡಿಸುವುದು ಸಾಧ್ಯವಾಯಿತು. ಆದರೆ ಜೋಡಣೆ ಕೆಳಗಿಳಿದಷ್ಟೂ ಅದು ಬಿಟ್ಟುಕೊಳ್ಳುವ ಅಪಾಯ ಏರುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ರೇಡಿಯೇಷನ್ ಪಡೆದವರು, ಧೂಮಪಾನಿಗಳು, ಸಕ್ಕರೆ ಕಾಯಿಲೆ ಅಥವಾ ಅಪೌಷ್ಟಿಕತೆ ಇರುವವರು, ಸ್ಥೂಲಕಾಯದವರು ಮತ್ತು ಸೊಂಟದ ಕುಹರ ಕಿರಿದಾಗಿರುವ ಗಂಡಸರಲ್ಲಿ ಅಪಾಯ ಇನ್ನೂ ಹೆಚ್ಚು.

ಜೋಡಣೆಯ ಸೋರಿಕೆ ಎಂಬುದು ಕೇಳಲು ಸಣ್ಣ ತೊಡಕಿನಂತಿದ್ದರೂ ರೋಗಿಯ ಮುಂದಿನ ಬದುಕನ್ನೇ ಅದು ಬದಲಿಸಬಲ್ಲದು. ಶಸ್ತ್ರಚಿಕಿತ್ಸೆಯಾಗಿ ಸುಮಾರು ಒಂದು ವಾರದ ಆಸುಪಾಸಿನಲ್ಲಿ ಜ್ವರ, ಹೊಟ್ಟೆ ಉಬ್ಬರ, ಏರುವ ನಾಡಿಬಡಿತ ಕಾಣಿಸಿಕೊಳ್ಳುತ್ತದೆ. ಮಲ ಕಿಬ್ಬೊಟ್ಟೆಯೊಳಗೆ ಸೋರಿ ಕೀವು ಕಟ್ಟುತ್ತದೆ. ಕೆಲವರಿಗೆ ತುರ್ತಾಗಿ ಮತ್ತೆ ಹೊಟ್ಟೆ ತೆರೆಯಬೇಕಾಗುತ್ತದೆ, ಕೆಲವರು ಬದುಕುಳಿಯುವುದಿಲ್ಲ. ಬದುಕುಳಿದವರಲ್ಲಿಯೂ ತಾತ್ಕಾಲಿಕವೆಂದು ಮಾಡಿದ ಸ್ಟೋಮಾ (ಮಲ ಹೊರಹೋಗಲು ಹೊಟ್ಟೆಯ ಮೇಲೆ ಮಾಡುವ ದ್ವಾರ) ಶಾಶ್ವತವಾಗಿ ಉಳಿಯಬಹುದು. ಮುಂದಿನ ಕೀಮೊಥೆರಪಿ ತಡವಾಗುತ್ತದೆ ಅಥವಾ ಪೂರ್ತಿ ತಪ್ಪಿಹೋಗುತ್ತದೆ. ಸೋರಿಕೆಯಾದವರಲ್ಲಿ ಅದೇ ಜಾಗದಲ್ಲಿ ಕ್ಯಾನ್ಸರ್ ಮರುಕಳಿಸುವ ಸಂಭವ ಹೆಚ್ಚೆಂದು ಹಲವು ಅಧ್ಯಯನಗಳು ತೋರಿಸಿವೆ. ಹಾಗಾಗಿ ಹಿಂದಿನ ದಿನದ ಭೇದಿ ಔಷಧ ಮತ್ತು ಮಾತ್ರೆಗಳು ಕೇವಲ ವಾರ್ಡಿನ ದಿನಚರಿಯ ವಿಷಯವಲ್ಲ. ಕ್ಯಾನ್ಸರ್ ಚಿಕಿತ್ಸೆಯ ಫಲಕ್ಕೂ ಅವುಗಳಿಗೂ ಸಂಬಂಧವಿದೆ.

ದೊಡ್ಡ ಕರುಳಿನ ಒಂದು ಗ್ರಾಂ ಮಲದಲ್ಲಿ ಸುಮಾರು ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಇವು ಜೋಡಣೆಯ ಮೇಲೆ ಪರಿಣಾಮ ಬೀರುತ್ತವೆ ಎಂಬ ಗುಮಾನಿ ಹೊಸದಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಇಸಿಡೋರ್ ಕೋನ್ ಮತ್ತು ಸಂಗಡಿಗರು 1955ರ ಸುಮಾರಿಗೆ ನಾಯಿಗಳ ಮೇಲೆ ಒಂದು ಪ್ರಯೋಗ ನಡೆಸಿದ್ದರು. ಜೋಡಿಸಿದ ಕರುಳಿನ ರಕ್ತಪೂರೈಕೆಯನ್ನು ಬೇಕೆಂದೇ ಕಡಿದು, ಅದರೊಳಕ್ಕೆ ಆ್ಯಂಟಿಬಯಾಟಿಕ್ ದ್ರಾವಣವನ್ನು ಹರಿಸಿದಾಗ, ಬಿಟ್ಟುಕೊಳ್ಳಲೇಬೇಕಾಗಿದ್ದ ಜೋಡಣೆ ಕೂಡಿಕೊಂಡಿತು. ಹೊಲಿಗೆಯ ಕೌಶಲ ಮತ್ತು ರಕ್ತಸಂಚಾರವಷ್ಟೇ ಮುಖ್ಯ ಎಂದು ನಂಬಿದ್ದ ಕಾಲದಲ್ಲಿ, ಕರುಳಿನೊಳಗಿನ ಸೂಕ್ಷ್ಮಜೀವಿಗಳೂ ಈ ಕಥೆಯ ಭಾಗವೆಂದು ಹೇಳಿದ ಪ್ರಯೋಗ ಅದು.

1970ರ ದಶಕದ ಆರಂಭದಲ್ಲಿ ರೊನಾಲ್ಡ್ ನಿಕೋಲ್ಸ್ ಮತ್ತು ರಾಬರ್ಟ್ ಕಾಂಡನ್ ಒಂದು ಸರಳ ಕ್ರಮವನ್ನು ರೂಪಿಸಿದರು. ಕರುಳನ್ನು ತೊಳೆದ ಮೇಲೆ, ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆಯಿದ್ದರೆ, ಹಿಂದಿನ ದಿನ ಮಧ್ಯಾಹ್ನ 1 ಗಂಟೆಗೆ, 2 ಗಂಟೆಗೆ ಮತ್ತು ರಾತ್ರಿ 11 ಗಂಟೆಗೆ ನಿಯೋಮೈಸಿನ್ ಮತ್ತು ಎರಿಥ್ರೊಮೈಸಿನ್ ಮಾತ್ರೆಗಳನ್ನು ತಲಾ 1 ಗ್ರಾಂ ಕೊಡುವುದು ಆ ಕ್ರಮ. ಒಂದು ಔಷಧ ಇ. ಕೋಲೈಯಂಥ ಬ್ಯಾಕ್ಟೀರಿಯಾಗಳನ್ನೂ, ಇನ್ನೊಂದು ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳನ್ನೂ ಗುರಿಯಾಗಿಸಿಕೊಳ್ಳುತ್ತದೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 1977ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕರುಳು ತೊಳೆದು ಔಷಧವಿಲ್ಲದ ಖೊಟ್ಟಿ ಮಾತ್ರೆ ಪಡೆದವರ ಪೈಕಿ ಶೇ 43ರಷ್ಟು ಮಂದಿಗೆ ಸೋಂಕಿನ ತೊಡಕುಗಳಾದರೆ, ನಿಜವಾದ ಮಾತ್ರೆ ಪಡೆದವರಲ್ಲಿ ಆ ಪ್ರಮಾಣ ಕೇವಲ ಶೇ 9 ಇತ್ತು. ಇಷ್ಟು ದೊಡ್ಡ ಅಂತರ ಶಸ್ತ್ರವೈದ್ಯದ ಪ್ರಯೋಗಗಳಲ್ಲಿ ಅಪರೂಪ.

ಇಷ್ಟೆಲ್ಲ ಆದ ಮೇಲೂ ಆ ಮಾತ್ರೆಗಳು ಹಿಂದೆ ಸರಿದದ್ದು ಯಾಕೆ? ಛೇದನಕ್ಕೆ ಮುನ್ನ ರಕ್ತನಾಳದ ಮೂಲಕ ಕೊಡುವ ಆ್ಯಂಟಿಬಯಾಟಿಕ್‌ಗಳು ವಾಡಿಕೆಗೆ ಬಂದವು. ಅವು ಪರಿಣಾಮಕಾರಿಯಾಗಿದ್ದುದರಿಂದ, ಹೊಟ್ಟೆ ತೊಳಸುವ ಮಾತ್ರೆಗಳನ್ನು ಇನ್ನೂ ಯಾಕೆ ನುಂಗಿಸಬೇಕು ಎಂದು ಯುರೋಪಿನ ಬಹುಪಾಲು ವೈದ್ಯರು ಅವುಗಳನ್ನು ಕೈಬಿಟ್ಟರು. ರಕ್ತದ ಮೂಲಕ ಬರುವ ಔಷಧ ಗಾಯದ ಅಂಗಾಂಶವನ್ನು ಕಾಯುತ್ತದೆ, ಬಾಯಿಯ ಮೂಲಕ ಹೋಗಿ ರಕ್ತಕ್ಕೆ ಹೆಚ್ಚು ಸೇರದ ಔಷಧ ಕರುಳಿನೊಳಗಿನ ಬ್ಯಾಕ್ಟೀರಿಯಾಗಳ ಹೊರೆಯನ್ನು ಇಳಿಸುತ್ತದೆ. ಎರಡರ ಕೆಲಸವೂ ಬೇರೆಯೆಂಬ ತಿಳಿವಳಿಕೆ ಆಗ ಬದಿಗೆ ಸರಿಯಿತು. ಭೇದಿ ಔಷಧ ಮಾತ್ರ ಅಭ್ಯಾಸಬಲದಿಂದ ಉಳಿದುಕೊಂಡಿತು.

ಮುಂದೆ ಆ ಅಭ್ಯಾಸವೂ ಪರೀಕ್ಷೆಗೆ ಒಳಗಾಯಿತು. 2007ರಲ್ಲಿ ನೆದರ್ಲೆಂಡ್ಸ್‌ನ ಒಂದು ದೊಡ್ಡ ಪ್ರಯೋಗ, 1,300ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡದ್ದು, ಕರುಳು ತೊಳೆದವರಲ್ಲಿ ಶೇ 4.8 ಮತ್ತು ತೊಳೆಯದವರಲ್ಲಿ ಶೇ 5.4 ಸೋರಿಕೆ ಕಂಡುಬಂದಿತೆಂದು ವರದಿ ಮಾಡಿತು. ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅದೇ ವರ್ಷ ಸ್ವೀಡನ್ನಿನ ಪ್ರಯೋಗವೂ ಅದನ್ನೇ ಹೇಳಿತು. 2011ರ ಕಾಕ್ರೇನ್ ವಿಮರ್ಶೆ 18 ಪ್ರಯೋಗಗಳ 5,805 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ಇದೇ ತೀರ್ಮಾನಕ್ಕೆ ಬಂತು. ಭೇದಿ ಔಷಧದಿಂದ ದೇಹ ಒಣಗುತ್ತದೆ, ಲವಣಾಂಶ ಏರುಪೇರಾಗುತ್ತದೆ, ವಯಸ್ಸಾದವರು ನಿತ್ರಾಣರಾಗುತ್ತಾರೆ. ಪ್ರಯೋಜನ ಇಲ್ಲವಾದರೆ ಯಾಕೆ ಬೇಕು ಎಂಬ ವಾದ ಸಹಜವಾಗಿಯೇ ಗೆದ್ದಿತು. ರೋಗಿಯನ್ನು ಬೇಗ ಚೇತರಿಸಿಕೊಳ್ಳುವಂತೆ ಮಾಡುವ ‘ಎರಾಸ್’ ಎಂಬ ಆರೈಕೆ ಕ್ರಮ ಹರಡಿದಂತೆ, ಕರುಳು ತೊಳೆಯದಿರುವುದೇ ಆಧುನಿಕ ಪದ್ಧತಿ ಎಂಬ ಭಾವನೆ ಬೆಳೆಯಿತು.

ಈ ತೀರ್ಮಾನ ದೊಡ್ಡ ಕರುಳಿನ ಮೇಲ್ಭಾಗಕ್ಕೆ ಸರಿಯಿದ್ದಿರಬಹುದು. ಗುದನಾಳಕ್ಕೂ ಅದನ್ನೇ ಅನ್ವಯಿಸಿದ್ದು ಅವಸರವೆಂದು ನನ್ನ ಅಭಿಪ್ರಾಯ. ಆ ಪ್ರಯೋಗಗಳಲ್ಲಿದ್ದ ಹೆಚ್ಚಿನ ರೋಗಿಗಳದ್ದು ಹೊಟ್ಟೆಯ ವಿಶಾಲ ಜಾಗದಲ್ಲಿ ಮಾಡಿದ ಜೋಡಣೆಗಳು. ತೀರ ಕೆಳಗಿನ ಜೋಡಣೆಗಳಿದ್ದವರ ಸಂಖ್ಯೆ ಕಡಿಮೆ. ಫ್ರಾನ್ಸಿನ ಶಸ್ತ್ರವೈದ್ಯರ ತಂಡವೊಂದು ಗುದನಾಳದ ಕ್ಯಾನ್ಸರ್ ರೋಗಿಗಳನ್ನೇ ಪ್ರತ್ಯೇಕವಾಗಿ ತೆಗೆದುಕೊಂಡು ‘ಗ್ರೆಕಾರ್-3’ ಎಂಬ ಪ್ರಯೋಗ ನಡೆಸಿ 2010ರಲ್ಲಿ ಪ್ರಕಟಿಸಿದಾಗ ಚಿತ್ರ ಬೇರೆಯೇ ಆಗಿತ್ತು. 178 ರೋಗಿಗಳಲ್ಲಿ, ಕರುಳು ತೊಳೆಯದವರಿಗೆ ಒಟ್ಟು ತೊಡಕುಗಳು ಶೇ 44, ತೊಳೆದವರಿಗೆ ಶೇ 27. ಸೋಂಕಿನ ತೊಡಕುಗಳು ಕ್ರಮವಾಗಿ ಶೇ 34 ಮತ್ತು ಶೇ 16. ಸೋರಿಕೆಯೂ ಶೇ 19 ಮತ್ತು ಶೇ 10 ಎಂದು ಕಂಡುಬಂದರೂ, ರೋಗಿಗಳ ಸಂಖ್ಯೆ ಚಿಕ್ಕದಾಗಿದ್ದುದರಿಂದ ಆ ಅಂತರವನ್ನು ಖಚಿತವೆನ್ನಲು ಆಗಲಿಲ್ಲ.

ಗುದನಾಳದ ವಿಷಯದಲ್ಲಿ ತೊಳೆಯುವುದಕ್ಕೆ ಇನ್ನೊಂದು ಸ್ಪಷ್ಟ ಕಾರಣವೂ ಇದೆ. ಕೆಳಗಿನ ಜೋಡಣೆಯನ್ನು ಕಾಯಲೆಂದು ಶಸ್ತ್ರವೈದ್ಯರು ಸಾಮಾನ್ಯವಾಗಿ ಸಣ್ಣ ಕರುಳಿನ ಒಂದು ಮಡಿಕೆಯನ್ನು ಹೊಟ್ಟೆಯ ಮೇಲೆ ತಂದು ತಾತ್ಕಾಲಿಕ ಸ್ಟೋಮಾ ಮಾಡುತ್ತಾರೆ. ಮಲ ಅಲ್ಲಿಂದಲೇ ಚೀಲಕ್ಕೆ ಹರಿದು, ಕೆಳಗಿನ ಜೋಡಣೆಗೆ ವಿಶ್ರಾಂತಿ ಸಿಗಲಿ ಎಂಬುದು ಉದ್ದೇಶ. ಆದರೆ ಕರುಳನ್ನು ಮೊದಲೇ ತೊಳೆದಿರದಿದ್ದರೆ, ಸ್ಟೋಮಾಕ್ಕೂ ಜೋಡಣೆಗೂ ನಡುವೆ ಇಡೀ ದೊಡ್ಡ ಕರುಳಿನ ಉದ್ದಕ್ಕೂ ಹಳೆಯ ಮಲ ಹಾಗೆಯೇ ಉಳಿದಿರುತ್ತದೆ. ಜೋಡಣೆ ಬಿಟ್ಟುಕೊಂಡರೆ ಆ ಮಲವೇ ಕಿಬ್ಬೊಟ್ಟೆಗೆ ಇಳಿಯುತ್ತದೆ, ಸ್ಟೋಮಾ ಇದ್ದೂ ರಕ್ಷಣೆ ಸಿಗುವುದಿಲ್ಲ. ಎರಾಸ್ ಸಂಸ್ಥೆಯ 2018ರ ಮಾರ್ಗಸೂಚಿಯೂ ಗುದನಾಳಕ್ಕಿಂತ ಮೇಲಿನ ದೊಡ್ಡ ಕರುಳಿನ, ಅಂದರೆ ಕೊಲೊನ್‌ ಶಸ್ತ್ರಚಿಕಿತ್ಸೆಗೆ ವಾಡಿಕೆಯಂತೆ ಬರೀ ತೊಳೆಯುವುದು ಬೇಡವೆಂದರೂ, ಗುದನಾಳದ ಶಸ್ತ್ರಚಿಕಿತ್ಸೆಗೆ ಅದನ್ನು ಬಳಸಬಹುದೆಂದು ಬಾಗಿಲು ತೆರೆದಿಟ್ಟಿದೆ.

ಇತ್ತ ಮಾತ್ರೆಗಳ ವಿಷಯ ಅಮೆರಿಕದಲ್ಲಿ ಮತ್ತೆ ಎದ್ದಿತು. ಅಲ್ಲಿನ ಶಸ್ತ್ರಚಿಕಿತ್ಸಾ ಗುಣಮಟ್ಟದ ರಾಷ್ಟ್ರೀಯ ದಾಖಲೆಗಳಲ್ಲಿನ 8,442 ರೋಗಿಗಳ ಮಾಹಿತಿಯನ್ನು ವಿಶ್ಲೇಷಿಸಿದ 2015ರ ಅಧ್ಯಯನದಲ್ಲಿ, ತೊಳೆಯುವಿಕೆ ಮತ್ತು ಮಾತ್ರೆ ಎರಡನ್ನೂ ಪಡೆದವರಿಗೆ ಗಾಯದ ಸೋಂಕು, ಸೋರಿಕೆ ಎರಡೂ ಗಣನೀಯವಾಗಿ ಕಡಿಮೆಯಿದ್ದವು. ದಾಖಲೆಗಳ ಅಧ್ಯಯನಕ್ಕೆ ಅದರದೇ ಮಿತಿಗಳಿವೆ. ಆರೋಗ್ಯವಂತರಿಗೇ ಪೂರ್ತಿ ಸಿದ್ಧತೆ ಸಿಕ್ಕಿರಬಹುದು. ಆದರೆ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ಸ್ಪೇನಿನಲ್ಲಿ ನಡೆಸಿದ ಯಾದೃಚ್ಛಿಕ ಪ್ರಯೋಗ 2020ರಲ್ಲಿ ಕೊಲೊನ್ ಶಸ್ತ್ರಚಿಕಿತ್ಸೆಗೆ ಬಾಯಿಯ ಆ್ಯಂಟಿಬಯಾಟಿಕ್‌ಗಳು ಸೋಂಕನ್ನು ಶೇ 11ರಿಂದ ಶೇ 5ಕ್ಕೆ ಇಳಿಸಿದವೆಂದು ತೋರಿಸಿತು. ಫ್ರಾನ್ಸಿನಲ್ಲಿ 2022ರಲ್ಲಿ ಪ್ರಕಟವಾದ 926 ರೋಗಿಗಳ ಪ್ರಯೋಗದಲ್ಲಿ ಒಂದೇ ಒಂದು ಗ್ರಾಂ ಆರ್ನಿಡಜೋಲ್‌ ಮಾತ್ರೆ ಸೋಂಕನ್ನು ಶೇ 22ರಿಂದ ಶೇ 13ಕ್ಕೆ ತಂದಿತು. ಇದಕ್ಕೆ ಎದುರಾಗಿ ಫಿನ್ಲೆಂಡಿನ ‘ಮೊಬೈಲ್’ ಪ್ರಯೋಗ 2019ರಲ್ಲಿ, ಕೊಲೊನ್ ಶಸ್ತ್ರಚಿಕಿತ್ಸೆಗೆ ಪೂರ್ಣ ಸಿದ್ಧತೆಯಿಂದ ಖಚಿತವಾದ ಲಾಭ ಕಾಣಲಿಲ್ಲವೆಂದಿತು. ಆ ಪ್ರಯೋಗದಲ್ಲಿ ಗುದನಾಳದ ರೋಗಿಗಳು ಇರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಅದೇ ಫಿನ್ಲೆಂಡಿನ ತಂಡ ಗುದನಾಳಕ್ಕೆಂದೇ ಎರಡನೆಯ ಪ್ರಯೋಗ ನಡೆಸಿತು. 2024ರಲ್ಲಿ ಪ್ರಕಟವಾದ ‘ಮೊಬೈಲ್-2’ರಲ್ಲಿ 565 ರೋಗಿಗಳಿದ್ದರು, ಎಲ್ಲರ ಕರುಳನ್ನೂ ತೊಳೆಯಲಾಯಿತು, ಅರ್ಧದಷ್ಟು ಮಂದಿಗೆ ನಿಯೋಮೈಸಿನ್ ಮತ್ತು ಮೆಟ್ರೊನಿಡಜೋಲ್ ಮಾತ್ರೆ, ಉಳಿದವರಿಗೆ ನೋಡಲು ಹಾಗೆಯೇ ಇರುವ ಖೊಟ್ಟಿ ಮಾತ್ರೆ. ಸೋಂಕು ಖೊಟ್ಟಿ ಮಾತ್ರೆಯ ಗುಂಪಿನಲ್ಲಿ ಶೇ 16.7 ಇದ್ದರೆ, ನಿಜವಾದ ಮಾತ್ರೆ ಪಡೆದವರಲ್ಲಿ ಶೇ 8.3. ಜೋಡಣೆ ಬಿಟ್ಟುಕೊಂಡದ್ದು ಶೇ 13.5 ಮತ್ತು ಶೇ 5.8. ಈ ಎರಡನೆಯ ಅಂಕಿ ನನಗೆ ಮುಖ್ಯವೆನಿಸುತ್ತದೆ. ಗಾಯದ ಸೋಂಕು ಕೆಲವು ವಾರಗಳಲ್ಲಿ ಮಾಯುತ್ತದೆ, ಸೋರಿಕೆ ಹಾಗಲ್ಲ. ಆ ಗುಂಪುಗಳ ಲೆಕ್ಕದಲ್ಲಿ ನೋಡಿದರೆ, ಸುಮಾರು ಹದಿಮೂರು ಮಂದಿಗೆ ಈ ಅಗ್ಗದ ಮಾತ್ರೆಗಳನ್ನು ಕೊಟ್ಟಾಗ ಒಬ್ಬರ ಜೋಡಣೆ ಬಿಟ್ಟುಕೊಳ್ಳುವುದು ತಪ್ಪುತ್ತದೆ. ಆದರೆ ಈ ಪ್ರಯೋಗ ಉತ್ತರಿಸಿದ್ದು ಒಂದೇ ಪ್ರಶ್ನೆಗೆ. ತೊಳೆಯುವ ಜೊತೆಗೆ ಮಾತ್ರೆ ಬೇಕೆ ಎಂದರೆ ಬೇಕು. ತೊಳೆಯದೆ ಮಾತ್ರೆಯಷ್ಟೇ ಕೊಟ್ಟರೆ ಗುದನಾಳದಲ್ಲಿ ಸಾಕಾದೀತೆ ಎಂಬುದನ್ನು ಅದು ಪರೀಕ್ಷಿಸಿಲ್ಲ.

ಜೋಡಣೆ ಕೂಡಲು ಬ್ಯಾಕ್ಟೀರಿಯಾ ಹೇಗೆ ಅಡ್ಡಿಯಾಗುತ್ತದೆ ಎಂಬುದರ ಬಗೆಗೂ ಸುಳಿವು ಸಿಕ್ಕಿದೆ. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಾಣಿಪ್ರಯೋಗಗಳಲ್ಲಿ, ಎಂಟೆರೊಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಗಾಯವನ್ನು ಬೆಸೆಯುವ ಕೊಲಾಜೆನ್ ಎಂಬ ಪ್ರೋಟೀನನ್ನು ಕರಗಿಸುವುದು, ಜೊತೆಗೆ ದೇಹದ್ದೇ ಅಂಗಾಂಶ ಕರಗಿಸುವ ಕಿಣ್ವವೊಂದನ್ನು ಕೆರಳಿಸುವುದು ಕಂಡುಬಂದಿತು. ಕೋನ್ ಅವರ ಅರವತ್ತು ವರ್ಷ ಹಿಂದಿನ ಪ್ರಯೋಗಕ್ಕೆ ಇದು ಒಂದು ವಿವರಣೆ ಒದಗಿಸುತ್ತದೆ. ಬರೀ ಭೇದಿ ಔಷಧ ಯಾಕೆ ಸಾಲದೆಂಬುದೂ ಇದರಿಂದ ಅರ್ಥವಾಗುತ್ತದೆ: ಅದು ಮಲದ ರಾಶಿಯನ್ನು ಹೊರಹಾಕುತ್ತದೆಯೇ ಹೊರತು, ಕರುಳಿನ ಗೋಡೆಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳನ್ನು ನಿವಾರಿಸುವುದಿಲ್ಲ. ಅಲ್ಲದೆ ಅರೆಬರೆ ತೊಳೆದ ಕರುಳಿನಲ್ಲಿ ಉಳಿಯುವುದು ತೆಳುವಾದ ದ್ರವಮಲ. ಶಸ್ತ್ರಚಿಕಿತ್ಸೆಯ ವೇಳೆ ಅದು ಗಟ್ಟಿ ಮಲಕ್ಕಿಂತ ಸುಲಭವಾಗಿ ಹೊರಚೆಲ್ಲುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿಯೇ ಬರೀ ತೊಳೆಯುವುದನ್ನು ಬೇಡವೆಂದು, ತೊಳೆಯುವುದಾದರೆ ಬಾಯಿಯ ಆ್ಯಂಟಿಬಯಾಟಿಕ್ ಜೊತೆಗಿರಲಿ ಎಂದು ಹೇಳಿತ್ತು. ಅಮೆರಿಕದ ಕೊಲೊನ್ ಮತ್ತು ಗುದನಾಳದ ಶಸ್ತ್ರವೈದ್ಯರ ಸಂಘವೂ 2019ರಲ್ಲಿ ಎರಡನ್ನೂ ಕೂಡಿಸಿಯೇ ಶಿಫಾರಸು ಮಾಡಿತು. ವಾಸ್ತವ ಮಾತ್ರ ಹೀಗಿದೆ: ಯುರೋಪಿನ ಸಂಘವೊಂದು 2017ರಲ್ಲಿ 47 ದೇಶಗಳ 343 ಕೇಂದ್ರಗಳಲ್ಲಿ ನಡೆಸಿದ ಲೆಕ್ಕಪರಿಶೀಲನೆಯಲ್ಲಿ, ಎಡಭಾಗದ ಕೊಲೊನ್ ಮತ್ತು ಗುದನಾಳದ ಶಸ್ತ್ರಚಿಕಿತ್ಸೆಗೆ ಒಳಗಾದ 3,676 ರೋಗಿಗಳಲ್ಲಿ ಎರಡೂ ಸಿಕ್ಕಿದ್ದು ಶೇ 16.8 ಮಂದಿಗೆ, ಶೇ 52.9 ಮಂದಿಗೆ ಭೇದಿ ಔಷಧವಷ್ಟೇ. ಸೋರಿಕೆಯ ಪ್ರಮಾಣ ಮೊದಲ ಗುಂಪಿನಲ್ಲಿಯೇ ಅತಿ ಕಡಿಮೆಯಿತ್ತು.

ಇನ್ನು ಸಿದ್ಧತೆಯ ದಿನದ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ ಬಳಸುವುದು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿ. ಪೊಟ್ಟಣದಲ್ಲಿ ಬರುವ ಇದನ್ನು ಸುಮಾರು ಎರಡು ಲೀಟರ್ ನೀರಿನಲ್ಲಿ ಕರಗಿಸಿ, ಹತ್ತು ಹದಿನೈದು ನಿಮಿಷಕ್ಕೊಂದು ಲೋಟದಂತೆ ಕುಡಿಯಬೇಕು. ಉಪ್ಪುಪ್ಪಾದ ಆ ದ್ರವ ಕೆಲವರಿಗೆ ವಾಕರಿಕೆ ತರುತ್ತದೆ. ತಣ್ಣಗೆ ಮಾಡಿ ಕುಡಿದರೆ, ವಾಂತಿ ಬರುವಂತಾದಾಗ ಅರ್ಧ ಗಂಟೆ ನಿಲ್ಲಿಸಿ ಮುಂದುವರಿಸಿದರೆ ಹೆಚ್ಚಿನವರಿಗೆ ಸಾಧ್ಯವಾಗುತ್ತದೆ. ಕೊನೆಗೆ ಹೊರಬರುವುದು ತಿಳಿಯಾದ, ಹಳದಿ ಬಣ್ಣದ ನೀರಿನಂತಿರಬೇಕು. ಅದಾಗದಿದ್ದರೆ ನರ್ಸ್‌ಗೆ ಹೇಳಬೇಕು, ಸಂಕೋಚದಿಂದ ಮುಚ್ಚಿಡಬಾರದು. ಆ ದಿನ ಘನ ಆಹಾರ ಬೇಡವೆಂದಾಗ ನಮ್ಮಲ್ಲಿ ಬಹಳ ಜನ ಏನನ್ನೂ ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ, ಅದು ಅಪಾಯಕಾರಿ. ಎಳನೀರು, ಸೋಸಿದ ನಿಂಬೆ ಪಾನಕ, ಬೇಳೆಯಿಲ್ಲದ ತಿಳಿಸಾರು, ಹಾಲಿಲ್ಲದ ಚಹಾ, ಓಆರ್‌ಎಸ್ ಇವೆಲ್ಲ ಸಾಮಾನ್ಯವಾಗಿ ಸಲ್ಲುತ್ತವೆ. ಮಜ್ಜಿಗೆ, ಹಾಲು, ರಾಗಿ ಅಂಬಲಿ ತಿಳಿದ್ರವಗಳಲ್ಲ. ಮೂತ್ರಪಿಂಡದ ತೊಂದರೆಯಿರುವವರಿಗೆ ಪೊಟ್ಯಾಸಿಯಂ ಹೆಚ್ಚಿರುವ ಎಳನೀರು ಸಲ್ಲದು. ಅರಿವಳಿಕೆ ತಜ್ಞರು ಬೇರೆ ಹೇಳದಿದ್ದರೆ, ಶಸ್ತ್ರಚಿಕಿತ್ಸೆಗೆ ಎರಡು ಗಂಟೆ ಮುಂಚಿನವರೆಗೂ ತಿಳಿದ್ರವ ಕುಡಿಯಬಹುದೆಂಬುದು ಇಂದಿನ ಮಾರ್ಗಸೂಚಿ. ರಾತ್ರಿಯಿಡೀ ನೀರೂ ಕುಡಿಯದೆ ಮಲಗುವ ಹಳೆಯ ಪದ್ಧತಿ, ಭೇದಿಯಾದ ದೇಹಕ್ಕೆ ಇಮ್ಮಡಿ ಹೊಡೆತ.

ಸಕ್ಕರೆ ಕಾಯಿಲೆಯವರಿಗೆ ಆ ದಿನ ಎಂದಿನ ಇನ್ಸುಲಿನ್ ಪ್ರಮಾಣ ಹೆಚ್ಚಾಗಿಬಿಡಬಹುದು, ಹಾಗಾಗಿ ಪ್ರತಿಯೊಬ್ಬರಿಗೂ ಬರೆದುಕೊಟ್ಟ ಸೂಚನೆ ಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದ ಮಾತ್ರೆಗಳನ್ನು ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಉಪವಾಸದಲ್ಲಿ ಅವು ರಕ್ತದಲ್ಲಿ ಆಮ್ಲಾಂಶ ಅಪಾಯಕರವಾಗಿ ಏರುವಂತೆ ಮಾಡಬಲ್ಲವು, ಅದೂ ಸಕ್ಕರೆ ಪ್ರಮಾಣ ಸಹಜವೆಂಬಂತೆ ಕಾಣುತ್ತಿರುವಾಗಲೇ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಗಳ ಬಗ್ಗೆಯೂ ಮೊದಲೇ ಕೇಳಬೇಕು. ಒಂದು ಕಾಲದಲ್ಲಿ ಜನಪ್ರಿಯವಾಗಿದ್ದ ಸೋಡಿಯಂ ಫಾಸ್ಫೇಟ್ ದ್ರಾವಣ ಮೂತ್ರಪಿಂಡಗಳಿಗೆ ಶಾಶ್ವತ ಹಾನಿ ಮಾಡಬಲ್ಲದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಕಟುವಾದ ಎಚ್ಚರಿಕೆ ನೀಡಿತ್ತು. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಯಿರುವ ವಯಸ್ಸಾದವರಿಗೆ ಅದು ಬೇಡ.

ಎಲ್ಲರಿಗೂ ಒಂದೇ ಸಿದ್ಧತೆ ಹೊಂದುವುದಿಲ್ಲ. ಗಡ್ಡೆಯಿಂದ ಕರುಳಿನ ದಾರಿಯೇ ಮುಚ್ಚಿಹೋಗುತ್ತ ಬಂದಿರುವವರಿಗೆ, ಅಂದರೆ ಹೊಟ್ಟೆ ಉಬ್ಬಿ, ಗಾಳಿಯೂ ಸರಿಯಾಗಿ ಹೋಗದೆ, ವಾಂತಿಯಾಗುತ್ತಿರುವವರಿಗೆ ಎರಡು ಲೀಟರ್ ಭೇದಿ ಔಷಧ ಕುಡಿಸಿದರೆ ಕರುಳು ಹಿಗ್ಗಿ ತೂತಾಗಬಹುದು. ಅಂಥವರಿಗೆ ಮೊದಲು ಸ್ಟೋಮಾ ಮಾಡಿ ಒತ್ತಡ ಇಳಿಸುವುದು ಸಾಮಾನ್ಯ ದಾರಿ. ಮಲದ್ವಾರವನ್ನೂ ಸೇರಿಸಿ ಗುದನಾಳವನ್ನು ತೆಗೆದು ಶಾಶ್ವತ ಸ್ಟೋಮಾ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಜೋಡಣೆಯೇ ಇಲ್ಲದ್ದರಿಂದ ಸೋರಿಕೆಯ ಪ್ರಶ್ನೆ ಏಳುವುದಿಲ್ಲ, ಆದರೆ ಕೆಳಗಿನ ಗಾಯದ ಸೋಂಕು ಅಲ್ಲಿ ದೊಡ್ಡ ಸಮಸ್ಯೆ.

ಕರ್ನಾಟಕದ ಸಂದರ್ಭದಲ್ಲಿ ಒಂದು ಮಾತು ಹೇಳಲೇಬೇಕು. ದೂರದ ಜಿಲ್ಲೆಗಳಿಂದ ಬೆಂಗಳೂರಿಗೆ ಬರುವ ರೋಗಿ ರಾತ್ರಿ ಬಸ್ಸಿನಲ್ಲಿ ಭೇದಿ ಔಷಧ ಕುಡಿದು ಬರಲಾರ. ಜನರಲ್ ವಾರ್ಡಿನಲ್ಲಿ ಹತ್ತಾರು ಮಂದಿಗೆ ಒಂದೆರಡು ಶೌಚಾಲಯಗಳಿದ್ದರೆ, ಎಪ್ಪತ್ತು ದಾಟಿದ ಅಜ್ಜಿ ರಾತ್ರಿ ಹತ್ತಾರು ಬಾರಿ ಎದ್ದು ಓಡಬೇಕು, ಜಾರಿ ಬೀಳುವ ಭಯ ಬೇರೆ. ಕಷ್ಟ ತಾಳಲಾರದೆ ಅರ್ಧ ಔಷಧವನ್ನು ಚೆಲ್ಲಿದರೆ ಅದು ರೋಗಿಯ ತಪ್ಪಲ್ಲ. ಶೌಚಾಲಯಕ್ಕೆ ಹತ್ತಿರದ ಹಾಸಿಗೆ, ಜೊತೆಗೊಬ್ಬರು, ಕನ್ನಡದಲ್ಲಿ ಗಂಟೆವಾರು ಬರೆದ ಒಂದು ಹಾಳೆ, ಬೇಕಾದಾಗ ಡ್ರಿಪ್: ಇಷ್ಟನ್ನು ಒದಗಿಸುವುದು ಮಾತ್ರೆಯಷ್ಟೇ ಅಗತ್ಯ. ಸಕ್ಕರೆಯ ಹತೋಟಿ, ರಕ್ತಹೀನತೆಗೆ ಕಬ್ಬಿಣಾಂಶ, ಬೀಡಿ ಸಿಗರೇಟು ಬಿಡಿಸುವುದು ಮುಂತಾದವು ಇದಕ್ಕೂ ವಾರಗಳ ಮುಂಚೆ, ರೇಡಿಯೇಷನ್ ಮುಗಿದು ಶಸ್ತ್ರಚಿಕಿತ್ಸೆಗೆ ಕಾಯುವ ಅವಧಿಯಲ್ಲಿಯೇ ಆರಂಭವಾಗಬೇಕು.

ಫಿನ್ಲೆಂಡಿನ ಫಲಿತಾಂಶವನ್ನು ನಮ್ಮಲ್ಲಿ ಹಾಗೆಯೇ ನಿರೀಕ್ಷಿಸಬಹುದೇ ಎಂಬುದೇ ಈಗ ಉಳಿದಿರುವ ಕಠಿಣ ಪ್ರಶ್ನೆ. ಭಾರತದಲ್ಲಿ ಇ. ಕೋಲೈ ಬ್ಯಾಕ್ಟೀರಿಯಾಗಳು ಸೆಫಲೋಸ್ಪೋರಿನ್ ಗುಂಪಿನ ಆ್ಯಂಟಿಬಯಾಟಿಕ್‌ಗಳಿಗೆ ಬಹುಮಟ್ಟಿಗೆ ಬಗ್ಗದಾಗಿವೆ ಎಂಬುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕಣ್ಗಾವಲು ವರದಿಗಳು ವರ್ಷವರ್ಷವೂ ಹೇಳುತ್ತಿವೆ. ಇಸ್ರೇಲ್, ಸ್ವಿಟ್ಜರ್ಲೆಂಡ್ ಮತ್ತು ಸರ್ಬಿಯಾದ ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇಂಥ ನಿರೋಧಕ ಬ್ಯಾಕ್ಟೀರಿಯಾಗಳನ್ನು ಕರುಳಿನಲ್ಲಿ ಹೊತ್ತವರಿಗೆ ವಾಡಿಕೆಯ ಸೆಫಲೋಸ್ಪೋರಿನ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದಾಗ ಶೇ 24.8 ಮಂದಿಗೆ ಸೋಂಕಾಯಿತೆಂದೂ, ಹೊತ್ತಿಲ್ಲದವರಲ್ಲಿ ಅದು ಶೇ 11.1 ಇತ್ತೆಂದೂ ಕಂಡುಕೊಂಡಿತು. ಆದ್ದರಿಂದ ಯಾವ ಮಾತ್ರೆ, ಯಾವ ಚುಚ್ಚುಮದ್ದು ಎಂಬುದನ್ನು ಹೊರದೇಶದ ಪಟ್ಟಿಯಿಂದ ಎತ್ತಿಕೊಳ್ಳುವ ಬದಲು, ಆಯಾ ಆಸ್ಪತ್ರೆಯ ಪ್ರಯೋಗಾಲಯದ ಸ್ವಂತ ಮಾಹಿತಿಯನ್ನು ನೋಡಿ ಶಸ್ತ್ರವೈದ್ಯರೂ ಸೂಕ್ಷ್ಮಜೀವಿ ತಜ್ಞರೂ ಕೂತು ನಿರ್ಧರಿಸಬೇಕು. ಮಾತ್ರೆಗಳು ಒಂದು ದಿನದ ಮಟ್ಟಿಗೆ ಮಾತ್ರ ಇರಬೇಕು, ಶಸ್ತ್ರಚಿಕಿತ್ಸೆಯ ನಂತರ ದಿನಗಟ್ಟಲೆ ಎಳೆಯಬಾರದು. ಗುದನಾಳದ ರೋಗಿಗಳ ಸೋರಿಕೆ ಮತ್ತು ಸೋಂಕಿನ ಪ್ರಮಾಣವನ್ನು ಪ್ರತಿ ಆಸ್ಪತ್ರೆಯೂ ಸಿದ್ಧತೆಯ ವಿಧಾನದೊಂದಿಗೆ ಸೇರಿಸಿ ದಾಖಲಿಸಿಟ್ಟರೆ, ಕೆಲವು ವರ್ಷಗಳಲ್ಲಿ ನಮ್ಮ ರೋಗಿಗಳಿಗೆ ಹೊಂದುವ ಕ್ರಮ ಯಾವುದೆಂದು ನಮ್ಮದೇ ಅಂಕಿ ಅಂಶಗಳಿಂದ ತಿಳಿಯಲು ಸಾಧ್ಯ.